ಕಾನಿನ ಕೂಡುಬೇಟೆ: ಬೇರೆ ಬೇರೆ ಜಾತಿಯ ಹಕ್ಕಿಗಳು ಒಟ್ಟಾಗಿ ಮೇಯುವುದೇಕೆ?

ಶಿರಸಿ: ಮಳೆಗಾಲ ಮುಗಿದು ಚಳಿ ಕಾಲಿಡುವ ದಿನಗಳಲ್ಲಿ ಶಿರಸಿ, ಸಿದ್ದಾಪುರ ಅಥವಾ ಯಲ್ಲಾಪುರದ ಕಾಡುದಾರಿಯಲ್ಲಿ ಬೆಳಗಿನ ಹೊತ್ತು ನಡೆಯುವವರಿಗೆ ಒಂದು ವಿಚಿತ್ರ ಅನುಭವವಾಗುತ್ತದೆ. ಅರ್ಧ ಗಂಟೆ ನಡೆದರೂ ಒಂದು ಹಕ್ಕಿಯೂ ಕಣ್ಣಿಗೆ ಬೀಳುವುದಿಲ್ಲ. ಕಾಡೇ ಖಾಲಿಯಾಗಿದೆಯೇನೋ ಎನಿಸುತ್ತದೆ. ಅಷ್ಟರಲ್ಲಿ ದೂರದಿಂದ ಲೋಹದ ತಂತಿ ಮೀಟಿದಂತಹ ಭೀಮರಾಜ ಹಕ್ಕಿಯ ಕೂಗು ಕೇಳುತ್ತದೆ. ಮರುನಿಮಿಷದಲ್ಲಿ ತಲೆಯ ಮೇಲಿನ ಮರಗಳೆಲ್ಲ ಜೀವಂತ! ಕೆಂಪು-ಹಳದಿ ಬಣ್ಣದ ಚಿತ್ರಪಕ್ಷಿಗಳು ತುದಿಕೊಂಬೆಗಳಲ್ಲಿ, ಹರಟೆಮಲ್ಲಗಳು ಪೊದೆಗಳಲ್ಲಿ, ಮರಕುಟಿಗ ಕಾಂಡದ ಮೇಲೆ, ನೊಣಹಿಡುಕ ನಡುವಿನ ಗಾಳಿಯಲ್ಲಿ. ಹತ್ತು ನಿಮಿಷಗಳಲ್ಲಿ ಇಡೀ ಮೇಳ ಮುಂದೆ ಸಾಗಿ ಕಾಡು ಮತ್ತೆ ನಿಶ್ಶಬ್ದವಾಗುತ್ತದೆ.

ಇದು ಆಕಸ್ಮಿಕ ಸಂತೆಯಲ್ಲ. ಬೇರೆ ಬೇರೆ ಜಾತಿಯ ಹಕ್ಕಿಗಳು ಒಂದೇ ತಂಡವಾಗಿ, ಒಂದೇ ದಿಕ್ಕಿನಲ್ಲಿ, ಒಂದೇ ವೇಗದಲ್ಲಿ ಚಲಿಸುತ್ತ ಆಹಾರ ಹುಡುಕುವ ಈ ನಡವಳಿಕೆಯನ್ನು ಪಕ್ಷಿತಜ್ಞರು ‘ಮಿಶ್ರ ಬೇಟೆತಂಡ’ ಎಂದು ಕರೆಯುತ್ತಾರೆ. ಹವಳದ ದಿಬ್ಬಗಳ ಮೀನುಗಳಿಂದ ಹಿಡಿದು ಘಟ್ಟದ ಹಕ್ಕಿಗಳವರೆಗೆ ಅನೇಕ ಪ್ರಾಣಿಗಳಲ್ಲಿ ಕಂಡುಬರುವ ಈ ಸಹಜೀವನಕ್ಕೆ ಉತ್ತರ ಕನ್ನಡ ಜಿಲ್ಲೆ ಒಂದು ಸಹಜ ಪ್ರಯೋಗಶಾಲೆ. ಕಾಡಿನ ಆರೋಗ್ಯವನ್ನು ಅಳೆಯಲು ಈ ತಂಡಗಳು ಒಂದು ಮಾನದಂಡವಾಗಬಲ್ಲವು ಎಂಬ ಕಾರಣಕ್ಕೆ ಇವುಗಳ ಅಧ್ಯಯನ ಕೇವಲ ಕುತೂಹಲದ ವಿಷಯವಾಗಿ ಉಳಿದಿಲ್ಲ.

ಮಿಶ್ರ ತಂಡ ಎಂದರೇನು?

ಹಣ್ಣು ಬಿಟ್ಟ ಗೋಳಿಮರಕ್ಕೆ ಮಂಗಟ್ಟೆ, ಪಿಕಳಾರ, ಕುಟ್ರುಹಕ್ಕಿ, ಹಸಿರು ಪಾರಿವಾಳಗಳು ಏಕಕಾಲಕ್ಕೆ ಬಂದಿಳಿಯುವುದನ್ನು ಮಲೆನಾಡಿನವರೆಲ್ಲ ಕಂಡಿದ್ದಾರೆ. ಮೊದಲ ಮಳೆಗೆ ಗೆದ್ದಲಿನ ರೆಕ್ಕೆಹುಳುಗಳು ಏಳುವಾಗಲೂ ಹತ್ತಾರು ಬಗೆಯ ಹಕ್ಕಿಗಳು ಸೇರುತ್ತವೆ. ಆದರೆ ಇವು ಮಿಶ್ರ ತಂಡಗಳಲ್ಲ. ಅಲ್ಲಿ ಹಕ್ಕಿಗಳನ್ನು ಸೆಳೆದದ್ದು ಆಹಾರ. ಅದು ಮುಗಿದೊಡನೆ ಅವುಗಳ ದಾರಿ ಬೇರೆ ಬೇರೆ.

ಮಿಶ್ರ ಬೇಟೆತಂಡದಲ್ಲಿ ಹಕ್ಕಿಗಳನ್ನು ಸೆಳೆಯುವುದು ಪರಸ್ಪರರ ಸಹವಾಸ. ಆಹಾರ ಒಂದೆಡೆ ರಾಶಿಬಿದ್ದಿರುವುದಿಲ್ಲ. ಎಲೆಯಡಿಯ ಹುಳು, ತೊಗಟೆಯ ಸಂದಿನ ಜೇಡ, ಹಾರುವ ಪತಂಗ ಹೀಗೆ ಎಲ್ಲೆಡೆ ಚದುರಿರುತ್ತದೆ. ತಂಡದ ಸದಸ್ಯರು ತಮ್ಮ ತಮ್ಮ ಊಟವನ್ನು ತಾವೇ ಹುಡುಕಿಕೊಳ್ಳುತ್ತಾರೆ, ಆದರೆ ಜೊತೆ ಬಿಡುವುದಿಲ್ಲ. ಹಕ್ಕಿಗಳು ಜೋಡಿಯಾಗಿ ಗೂಡು ಕಾಯುವ ಕಾಲದಲ್ಲಿ ಇಂತಹ ತಂಡಗಳು ವಿರಳ. ಮಳೆಗಾಲದ ನಂತರದ ತಿಂಗಳುಗಳಲ್ಲಿ ಹೆಚ್ಚು.

ತಂಡದಲ್ಲಿ ಯಾರ್ಯಾರು?

ಘಟ್ಟದ ಮೇಲಿನ ಈ ಮೂರು ತಾಲ್ಲೂಕುಗಳ ಬಹುಭಾಗ ಸಮುದ್ರಮಟ್ಟದಿಂದ ಸುಮಾರು 500ರಿಂದ 600 ಮೀಟರ್ ಎತ್ತರದಲ್ಲಿದೆ. ಪಶ್ಚಿಮದ ಅಂಚಿನಲ್ಲಿ ನಿತ್ಯಹರಿದ್ವರ್ಣದ ಕಾನು, ಪೂರ್ವಕ್ಕೆ ಸರಿದಂತೆ ಎಲೆ ಉದುರಿಸುವ ಕಾಡು ಹಾಗೂ ತೇಗದ ನೆಡುತೋಪು. ಈ ವೈವಿಧ್ಯದಿಂದಾಗಿ ತಂಡಗಳ ಸದಸ್ಯತ್ವವೂ ಸ್ಥಳದಿಂದ ಸ್ಥಳಕ್ಕೆ ಬದಲಾಗುತ್ತದೆ. ಆದರೂ ಕೆಲಸದ ಹಂಚಿಕೆಯಲ್ಲಿ ಒಂದು ಕ್ರಮ ಕಾಣುತ್ತದೆ.

ನೆಲಕ್ಕೆ ಸಮೀಪದ ಪೊದೆಗಳಲ್ಲಿ ಸಣ್ಣ ಹರಟೆಮಲ್ಲಗಳ ಗುಂಪು. ಇವು ತಮ್ಮಷ್ಟಕ್ಕೆ ಐದಾರು ಸೇರಿ ಸದಾ ಗುಸುಗುಟ್ಟುತ್ತ ಒಣ ಎಲೆಗಳನ್ನು ಕೆದಕುತ್ತವೆ. ಅದಕ್ಕಿಂತ ಮೇಲೆ ನೀಲಿಬಣ್ಣದ ನೊಣಹಿಡುಕ ಮತ್ತು ಉದ್ದ ಬಾಲದ ರಾಜಹಕ್ಕಿ. ಕಾಂಡ ಹಾಗೂ ದಪ್ಪ ಕೊಂಬೆಗಳು ಮರಕುಟಿಗಗಳ ಪಾಲು. ಹಾಗೆಯೇ ತಲೆಕೆಳಗಾಗಿ ಇಳಿಯಬಲ್ಲ ನೀಲಿ ನಟ್‌ಹ್ಯಾಚ್‌ನ ಪಾಲು. ಎಲೆಗಳ ನಡುವೆ ಎಲೆಹಕ್ಕಿ ಮತ್ತು ಹಳದಿ ಹುಬ್ಬಿನ ಪಿಕಳಾರ. ತುದಿಯಲ್ಲಿ ಚಿತ್ರಪಕ್ಷಿಗಳು. ನೆರಳು ದಟ್ಟವಾಗಿರುವಲ್ಲಿ ಕಾಕರಣೆ ಹಕ್ಕಿ ಕೂಡ ಸದ್ದಿಲ್ಲದೆ ಜೊತೆಗೂಡುತ್ತದೆ.

ಚಳಿಗಾಲದಲ್ಲಿ ಇವರೊಂದಿಗೆ ಅತಿಥಿಗಳೂ ಸೇರುತ್ತಾರೆ. ಹಿಮಾಲಯ ಮತ್ತು ಮಧ್ಯ ಏಷ್ಯಾದ ಕಡೆಯಿಂದ ವಲಸೆ ಬರುವ, ಹಿಡಿಗಿಂತ ಚಿಕ್ಕದಾದ ಹಸಿರು ಉಲಿಯಕ್ಕಿಗಳು ಸ್ಥಳೀಯ ತಂಡಗಳ ಸದಸ್ಯರಾಗಿಬಿಡುತ್ತವೆ. ಪರವೂರಿನಲ್ಲಿ ಆಹಾರ ಎಲ್ಲಿದೆ, ಅಪಾಯ ಎಲ್ಲಿದೆ ಎಂಬುದನ್ನು ಊರಿನ ಹಕ್ಕಿಗಳಿಂದ ತಿಳಿಯುವುದು ಅವುಗಳಿಗೆ ಸುಲಭದ ದಾರಿ.

ಕಾವಲುಗಾರ ಭೀಮರಾಜ

ತಂಡದ ಕೇಂದ್ರಬಿಂದು ಭೀಮರಾಜ. ಕಾಜಾಣದ ಕುಟುಂಬಕ್ಕೆ ಸೇರಿದ ಈ ಕಪ್ಪು ಹಕ್ಕಿಯ ಬಾಲದಿಂದ ಎರಡು ಉದ್ದ ತಂತಿಗಳು ಹೊರಟು ತುದಿಯಲ್ಲಿ ಎಲೆಯಂತೆ ಅಗಲವಾಗುತ್ತವೆ. ಭೀಮರಾಜ ಎಲೆ ಕೆದಕುವುದಿಲ್ಲ. ಎತ್ತರದ ಕೊಂಬೆಯ ಮೇಲೆ ಕುಳಿತು, ಕೆಳಗಿನವರು ಎಬ್ಬಿಸಿದ ಕೀಟಗಳು ಹಾರಿದೊಡನೆ ಎರಗಿ ಹಿಡಿಯುತ್ತದೆ. ಉಳುವ ಎತ್ತುಗಳ ಹಿಂದೆ ಗೋವಕ್ಕಿಗಳು ನಡೆಯುವುದಕ್ಕೂ ಇದಕ್ಕೂ ತತ್ವ ಒಂದೇ. ಮಂಗಗಳ ಹಿಂಡು ಕೊಂಬೆಗಳನ್ನು ಅಲುಗಿಸುತ್ತ ಸಾಗುವಾಗಲೂ ಭೀಮರಾಜ ಹಿಂಬಾಲಿಸುವುದುಂಟು.

ಪುಕ್ಕಟೆ ಊಟಕ್ಕೆ ಪ್ರತಿಯಾಗಿ ಅದು ಸಲ್ಲಿಸುವ ಸೇವೆ ಕಾವಲು. ಎತ್ತರದಲ್ಲಿ ಕುಳಿತು ಸುತ್ತ ನೋಡುತ್ತಿರುವುದರಿಂದ ಗಿಡುಗ ಅಥವಾ ಡೇಗೆಯನ್ನು ಮೊದಲು ಕಾಣುವುದು ಸಾಮಾನ್ಯವಾಗಿ ಅದೇ. ಅದರ ಎಚ್ಚರಿಕೆಯ ಕೂಗಿಗೆ ಇಡೀ ತಂಡ ಕ್ಷಣದಲ್ಲಿ ಎಲೆಮರೆಗೆ ಸರಿಯುತ್ತದೆ. ತನಗಿಂತ ಎಷ್ಟೋ ದೊಡ್ಡ ಹಕ್ಕಿಯನ್ನು ಅಟ್ಟಿಸಿಕೊಂಡು ಹೋಗುವ ಧೈರ್ಯವೂ ಅದಕ್ಕಿದೆ.

ಭೀಮರಾಜನ ಇನ್ನೊಂದು ವಿದ್ಯೆ ಅನುಕರಣೆ. ಶ್ರೀಲಂಕಾದ ಸಿಂಹರಾಜ ಅರಣ್ಯದಲ್ಲಿ ಸರತ್ ಕೋಟಗಮ ಮತ್ತು ಎಬೆನ್ ಗುಡೇಲ್ ನಡೆಸಿದ ಸಂಶೋಧನೆ 2006ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಭೀಮರಾಜ ಇತರ ಹಕ್ಕಿಗಳ ದನಿಯನ್ನು ಮನಬಂದಂತೆ ಅನುಕರಿಸುವುದಿಲ್ಲ. ಅಪಾಯದ ಸಂದರ್ಭದಲ್ಲಿ ಬೇಟೆಗಾರ ಹಕ್ಕಿಗಳ ಕೂಗು ಮತ್ತು ಇತರರ ಎಚ್ಚರಿಕೆಯ ಕೂಗುಗಳನ್ನು ಬಳಸುತ್ತದೆ. ಶಾಂತ ಸಮಯದಲ್ಲಿ ತಂಡದ ಇತರ ಸದಸ್ಯರ ಹಾಡುಗಳನ್ನು ಬಳಸುತ್ತದೆ. ಧ್ವನಿಮುದ್ರಿತ ಅನುಕರಣೆಯನ್ನು ಕಾಡಿನಲ್ಲಿ ಕೇಳಿಸಿದಾಗ ತಂಡದ ಇತರ ಜಾತಿಗಳು ಹೆಚ್ಚಾಗಿ ಹತ್ತಿರ ಬಂದವು. ಎಂದರೆ, ಭೀಮರಾಜ ತನ್ನ ತಂಡವನ್ನು ತಾನೇ ಕರೆದು ಕೂಡಿಸಬಲ್ಲದು.

ಒಟ್ಟಾಗುವುದರಿಂದ ಲಾಭವೇನು?

ಮಿಶ್ರ ತಂಡಗಳ ಕುರಿತು ಎರಡು ಮುಖ್ಯ ವಿವರಣೆಗಳಿವೆ. ಮೊದಲನೆಯದು ಆಹಾರ: ಒಬ್ಬರು ಎಬ್ಬಿಸಿದ ಹುಳು ಇನ್ನೊಬ್ಬರಿಗೆ ಸಿಗುತ್ತದೆ, ಒಬ್ಬರು ಕಂಡುಹಿಡಿದ ಜಾಗ ಎಲ್ಲರಿಗೂ ತಿಳಿಯುತ್ತದೆ. ಎರಡನೆಯದು ರಕ್ಷಣೆ: ಹೆಚ್ಚು ಕಣ್ಣುಗಳಿದ್ದರೆ ಶತ್ರು ಬೇಗ ಕಾಣುತ್ತಾನೆ, ದೊಡ್ಡ ಗುಂಪಿನಲ್ಲಿ ಒಂದು ಹಕ್ಕಿ ಬಲಿಯಾಗುವ ಸಾಧ್ಯತೆಯೂ ಕಡಿಮೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹರಿ ಶ್ರೀಧರ್ ಮತ್ತು ಕಾರ್ತಿಕ್ ಶಂಕರ್, ಕೆನಡಾದ ಗಿ ಬೋಶಾಂ ಅವರೊಂದಿಗೆ ಸೇರಿ ಜಗತ್ತಿನ ನಾನಾ ಭಾಗಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2009ರಲ್ಲಿ ವಿಶ್ಲೇಷಣೆಯೊಂದನ್ನು ಪ್ರಕಟಿಸಿದರು. ತಂಡದೊಳಗಿರುವ ಹಿಂಬಾಲಕ ಹಕ್ಕಿಗಳು ಒಂಟಿಯಾಗಿದ್ದಾಗಿನದಕ್ಕಿಂತ ಕಡಿಮೆ ಹೊತ್ತು ಸುತ್ತ ನೋಡುತ್ತವೆ, ಹೆಚ್ಚು ವೇಗವಾಗಿ ತಿನ್ನುತ್ತವೆ ಎಂಬುದು ಅದರಿಂದ ಸ್ಪಷ್ಟವಾಯಿತು. ಎರಡೂ ವಿವರಣೆಗಳು ಇಲ್ಲಿ ಒಂದಕ್ಕೊಂದು ಹೆಣೆದುಕೊಂಡಿವೆ: ಕಾವಲಿನ ಚಿಂತೆ ಕಡಿಮೆಯಾದರೆ ಊಟಕ್ಕೆ ಸಮಯ ಹೆಚ್ಚು.

ಆದರೆ ಸಹವಾಸಕ್ಕೆ ಬೆಲೆಯೂ ಇದೆ. ಇತರರ ವೇಗಕ್ಕೆ ತಕ್ಕಂತೆ ಓಡಾಡಬೇಕು, ಒಂದೇ ಹುಳುವಿಗೆ ಇಬ್ಬರು ಎರಗಿದಾಗ ಒಬ್ಬರು ಸೋಲಬೇಕು. ಕಾಜಾಣ ಕುಟುಂಬದ ಹಕ್ಕಿಗಳು ಇತರರ ಬಾಯಿಂದ ತುತ್ತು ಕಸಿಯುವುದೂ ಇದೆ. ಆಫ್ರಿಕಾದ ಕಲಹಾರಿ ಮರುಭೂಮಿಯ ಕವಲುಬಾಲದ ಕಾಜಾಣ ಸುಳ್ಳು ಎಚ್ಚರಿಕೆ ಕೂಗಿ, ಬೆದರಿದ ಪ್ರಾಣಿಗಳು ಬಿಟ್ಟುಹೋದ ಆಹಾರವನ್ನು ಕದಿಯುವುದು ಪ್ರಸಿದ್ಧ ಉದಾಹರಣೆ. ನಂಬಿಕೆಗೆ ಅರ್ಹವಾದ ಎಚ್ಚರಿಕೆಗಳೇ ಹೆಚ್ಚಾಗಿರುವುದರಿಂದ ಆಗೊಮ್ಮೆ ಈಗೊಮ್ಮೆ ಮೋಸಹೋಗುವುದನ್ನು ಇತರರು ಸಹಿಸಿಕೊಳ್ಳುತ್ತವೆ.

ಜಿಲ್ಲೆಯಲ್ಲಿ ನಡೆದ ಅಧ್ಯಯನಗಳು

ಉತ್ತರ ಕನ್ನಡದ ಪಕ್ಷಿಗಳ ದಾಖಲೆಗೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. ಜಿಲ್ಲೆಯ ಕಲೆಕ್ಟರ್ ಆಗಿದ್ದ ಜೇಮ್ಸ್ ಡೇವಿಡ್ಸನ್ 1890ರ ದಶಕದಲ್ಲಿ ಇಲ್ಲಿನ ಹಕ್ಕಿಗಳ ಕುರಿತು ಮುಂಬೈನ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ನಿಯತಕಾಲಿಕದಲ್ಲಿ ಬರೆದರು. 1980ರ ದಶಕದಲ್ಲಿ ಮಾಧವ ಗಾಡ್ಗೀಳ್ ಅವರ ಮಾರ್ಗದರ್ಶನದಲ್ಲಿ ಆರ್.ಜೆ. ರಂಜಿತ್ ಡೇನಿಯಲ್ಸ್ ಜಿಲ್ಲೆಯಾದ್ಯಂತ ಪಕ್ಷಿಗಳ ಸಮೀಕ್ಷೆ ನಡೆಸಿದರು. ಭೂಬಳಕೆ ಬದಲಾದಂತೆ ಪಕ್ಷಿಸಂಕುಲ ಹೇಗೆ ಬದಲಾಯಿತು ಎಂಬುದನ್ನು ಹಳೆಯ ದಾಖಲೆಗಳೊಂದಿಗೆ ಹೋಲಿಸಿ ನೋಡಲು ಇದರಿಂದ ಸಾಧ್ಯವಾಯಿತು.

ಮಿಶ್ರ ತಂಡಗಳನ್ನೇ ಗುರಿಯಾಗಿಟ್ಟುಕೊಂಡ ಅಧ್ಯಯನವನ್ನು ಹರಿ ಶ್ರೀಧರ್ ಅವರು ಯಲ್ಲಾಪುರದ ಪಶ್ಚಿಮಕ್ಕಿರುವ ಅಣಶಿ ರಾಷ್ಟ್ರೀಯ ಉದ್ಯಾನದಲ್ಲಿ ಕೈಗೊಂಡರು. ಈಗ ಈ ಪ್ರದೇಶ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಭಾಗ. ತಮ್ಮದೇ ಜಾತಿಯ ಗುಂಪು ಕಟ್ಟಿಕೊಂಡು ತಿರುಗುವ ಹಕ್ಕಿಗಳು ಮಿಶ್ರ ತಂಡಗಳ ರಚನೆಯಲ್ಲಿ ಹೆಚ್ಚಿನ ಮಹತ್ವ ಹೊಂದಿವೆ ಎಂಬುದು ಅಲ್ಲಿ ಕಂಡುಬಂದ ಮುಖ್ಯ ಸಂಗತಿಗಳಲ್ಲೊಂದು. ಗದ್ದಲದ ಸಣ್ಣ ಗುಂಪು ಬುನಾದಿ. ಒಂಟಿಯಾಗಿ ಅಥವಾ ಜೋಡಿಯಾಗಿ ಬದುಕುವ ಇತರರು ಅದರ ಸುತ್ತ ಸೇರಿಕೊಳ್ಳುತ್ತಾರೆ.

2012ರಲ್ಲಿ ಶ್ರೀಧರ್ ಮತ್ತು ಸಂಗಡಿಗರು ಜಗತ್ತಿನ ವಿವಿಧ ಭಾಗಗಳ ತಂಡಗಳನ್ನು ಹೋಲಿಸಿ ಇನ್ನೊಂದು ಅನಿರೀಕ್ಷಿತ ಅಂಶವನ್ನು ಮುಂದಿಟ್ಟರು. ಪೈಪೋಟಿ ತಪ್ಪಿಸಿಕೊಳ್ಳಲು ಒಂದಕ್ಕೊಂದು ತೀರ ಭಿನ್ನವಾದ ಹಕ್ಕಿಗಳೇ ಜೊತೆಯಾಗುತ್ತವೆ ಎಂಬ ನಿರೀಕ್ಷೆಗೆ ವಿರುದ್ಧವಾಗಿ, ಗಾತ್ರ ಮತ್ತು ಮೇಯುವ ರೀತಿಯಲ್ಲಿ ಪರಸ್ಪರ ಹೋಲುವ ಹಕ್ಕಿಗಳೇ ಹೆಚ್ಚಾಗಿ ಜೊತೆಗೂಡುತ್ತವೆ. ಒಂದೇ ಶತ್ರುವಿಗೆ ಅಂಜುವವರು ಮತ್ತು ಒಂದೇ ವೇಗದಲ್ಲಿ ಸಾಗುವವರು ಒಬ್ಬರಿಗೊಬ್ಬರು ಹೆಚ್ಚು ಉಪಯುಕ್ತರು ಎಂಬುದು ಇದಕ್ಕೆ ಸಂಭವನೀಯ ಕಾರಣ.

ನೇತ್ರಾಣಿಯ ನೀರಿನಡಿಯಲ್ಲೂ ಇದೇ ನ್ಯಾಯ

ಘಟ್ಟ ಇಳಿದು ಇದೇ ಜಿಲ್ಲೆಯ ಕಡಲಿಗೆ ಬಂದರೆ ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದಲ್ಲಿ ನೇತ್ರಾಣಿ ದ್ವೀಪವಿದೆ. ಅದರ ಸುತ್ತಲಿನ ನೀರಿನಲ್ಲಿ ಹವಳಗಳೂ ಅವುಗಳನ್ನು ಆಶ್ರಯಿಸಿದ ಬಣ್ಣಬಣ್ಣದ ಮೀನುಗಳೂ ಇವೆ. ಮುರ್ಡೇಶ್ವರದಿಂದ ಹೊರಡುವ ಸ್ಕೂಬಾ ಡೈವಿಂಗ್ ದೋಣಿಗಳ ಗಮ್ಯ ಇದೇ. ಕಾನಿನ ಹಕ್ಕಿಗಳಲ್ಲಿ ಕಾಣುವ ಕೂಡುಬೇಟೆ ಹವಳದ ದಿಬ್ಬದ ಮೀನುಗಳಲ್ಲಿಯೂ ಸಾಮಾನ್ಯ.

ಗದ್ದದ ಕೆಳಗೆ ಎರಡು ಮೀಸೆಗಳಿರುವ ಗೋಟ್‌ಫಿಶ್ ಎಂಬ ಮೀನು ಮರಳನ್ನು ಕೆದಕುತ್ತ ಹೋಗುತ್ತದೆ. ಅದು ಎಬ್ಬಿಸಿದ ಸೂಕ್ಷ್ಮ ಜೀವಿಗಳಿಗಾಗಿ ಇತರ ಜಾತಿಯ ಮೀನುಗಳು ಬೆನ್ನು ಹತ್ತುತ್ತವೆ. ಕಾನಿನಲ್ಲಿ ಹರಟೆಮಲ್ಲ ಮತ್ತು ಭೀಮರಾಜನ ಸಂಬಂಧ ಯಾವುದೋ, ಇಲ್ಲಿಯದೂ ಅದೇ. ಪಾಚಿ ಮೇಯುವ ಮೀನುಗಳದು ಇನ್ನೊಂದು ತಂತ್ರ. ತಾನು ಕಾಯುವ ಪಾಚಿಯ ತುಂಡನ್ನು ಯಾರಿಗೂ ಬಿಟ್ಟುಕೊಡದ ಸಣ್ಣ ಡ್ಯಾಮ್ಸೆಲ್ ಮೀನು ಒಂಟಿ ಗಿಳಿಮೀನನ್ನು ಓಡಿಸಬಲ್ಲದು. ದೊಡ್ಡ ಹಿಂಡು ಒಮ್ಮೆಗೇ ನುಗ್ಗಿದರೆ ಮಾತ್ರ ಅದು ಕೈಚೆಲ್ಲುತ್ತದೆ. ಕೆರಿಬಿಯನ್ ಸಮುದ್ರದ ಗಿಳಿಮೀನುಗಳಲ್ಲಿ ಇದನ್ನು ವಿಜ್ಞಾನಿಗಳು 1976ರಲ್ಲೇ ವಿವರಿಸಿದ್ದರು.

ಕೆಂಪು ಸಮುದ್ರದಲ್ಲಿ ಇದಕ್ಕಿಂತಲೂ ಸೋಜಿಗದ ಪಾಲುದಾರಿಕೆ ಕಂಡುಬಂದಿದೆ. ತೆರೆದ ನೀರಿನಲ್ಲಿ ಬೇಟೆಯಾಡುವ ಗ್ರೂಪರ್ ಮೀನು, ಬಂಡೆಯ ಬಿರುಕುಗಳಲ್ಲಿ ನುಸುಳಬಲ್ಲ ಮೊರೆ ಎಂಬ ಹಾವುಮೀನಿನ ಬಳಿ ಹೋಗಿ ತಲೆ ಅಲುಗಿಸಿ ಬೇಟೆಗೆ ಕರೆಯುತ್ತದೆ. ಸಂದಿಯಲ್ಲಿ ಅಡಗಿದರೆ ಹಾವುಮೀನಿಗೆ ತುತ್ತು, ಹೊರಬಂದರೆ ಗ್ರೂಪರ್‌ಗೆ ತುತ್ತು; ಬಲಿಗೆ ಪಾರಾಗುವ ದಾರಿಯಿಲ್ಲ. ರೆಡೂಆನ್ ಬಶರಿ ಮತ್ತು ಸಂಗಡಿಗರು ಇದನ್ನು 2006ರಲ್ಲಿ ವರದಿ ಮಾಡಿದರು.

ನೆಲದ ಸಸ್ತನಿಗಳೂ ಇದಕ್ಕೆ ಹೊರತಲ್ಲ. ಮುಸುವಗಳು ಮರದಿಂದ ಉದುರಿಸಿದ ಎಲೆ, ಹಣ್ಣುಗಳನ್ನು ಚುಕ್ಕೆ ಜಿಂಕೆಗಳು ತಿನ್ನುವುದು ನಮ್ಮ ಕಾಡುಗಳ ಪರಿಚಿತ ದೃಶ್ಯ. ಹುಲಿ, ಚಿರತೆ ಬಂದಾಗ ಮರದ ಮೇಲಿನವರ ಕೂಗು ಕೆಳಗಿನವರ ಜೀವ ಉಳಿಸುತ್ತದೆ.

ತೋಟ, ಬೆಟ್ಟ ಮತ್ತು ದರಕು

ಮಿಶ್ರ ತಂಡಗಳು ಕಾಡಿನ ಎಲ್ಲ ಸ್ತರಗಳನ್ನೂ ಬಳಸುತ್ತವೆ. ನೆಲದ ಎಲೆಹಾಸು, ಪೊದೆ, ಕಾಂಡ, ನೆತ್ತಿ ಇವುಗಳಲ್ಲಿ ಒಂದು ಹೋದರೂ ಅದನ್ನು ನಂಬಿದ ಸದಸ್ಯರು ಇಲ್ಲವಾಗುತ್ತಾರೆ. ಬುನಾದಿಯಾದ ಗುಂಪೇ ಇಲ್ಲವಾದರೆ ಅದನ್ನು ಹಿಂಬಾಲಿಸುವವರೂ ನೆಲೆ ಕಳೆದುಕೊಳ್ಳುತ್ತಾರೆ. ತಮಿಳುನಾಡಿನ ಆನೆಮಲೆಯ ಮಳೆಕಾಡುಗಳಲ್ಲಿ ಹರಿ ಶ್ರೀಧರ್ ಮತ್ತು ಕೆ. ಶಂಕರ್ ನಡೆಸಿದ, 2008ರಲ್ಲಿ ಪ್ರಕಟವಾದ ಅಧ್ಯಯನವು ಕಾಡು ತುಂಡಾಗಿ ಹದಗೆಟ್ಟಂತೆ ಮಿಶ್ರ ತಂಡಗಳೂ ಬಡವಾಗುತ್ತವೆ ಎಂಬುದನ್ನು ತೋರಿಸಿತು.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಈ ಪ್ರಶ್ನೆ ನೇರವಾಗಿ ಅಡಿಕೆ ಬೆಳೆಗಾರನ ಅಂಗಳಕ್ಕೆ ಬರುತ್ತದೆ. ಇಲ್ಲಿನ ಅಡಿಕೆ ತೋಟಗಳು ಕಾಡಿನ ನಡುವಿನ ಕಣಿವೆಗಳಲ್ಲಿವೆ. ಮುಂಬೈ ಪ್ರಾಂತ್ಯದ ಆಡಳಿತದ ಕಾಲದಿಂದಲೂ ತೋಟಕ್ಕೆ ಹೊಂದಿಕೊಂಡ ಅರಣ್ಯಭೂಮಿಯಲ್ಲಿ ಸೊಪ್ಪು ಮತ್ತು ದರಕು ಸಂಗ್ರಹಿಸುವ ಹಕ್ಕು ಬೆಳೆಗಾರರಿಗಿದೆ. ಇದೇ ‘ಸೊಪ್ಪಿನ ಬೆಟ್ಟ’. ಘಟ್ಟದ ಮೇಲಿನ ಈ ತಾಲ್ಲೂಕುಗಳಲ್ಲಿ ಒಂದು ಎಕರೆ ತೋಟಕ್ಕೆ ಗರಿಷ್ಠ 9 ಎಕರೆ ಬೆಟ್ಟ ಎಂಬುದು ರೂಢಿಯ ಲೆಕ್ಕ. ಬೆಟ್ಟದ ಸೊಪ್ಪು, ಉದುರಿದ ದರಕು ಕೊಟ್ಟಿಗೆಗೆ ಹೋಗಿ ಗೊಬ್ಬರವಾಗಿ ಅಡಿಕೆಯ ಬುಡ ಸೇರುತ್ತದೆ.

ಜೈ ರಂಗನಾಥನ್, ರಂಜಿತ್ ಡೇನಿಯಲ್ಸ್ ಮೊದಲಾದವರು ಉತ್ತರ ಕನ್ನಡದಲ್ಲಿ ನಡೆಸಿ 2008ರಲ್ಲಿ ಪ್ರಕಟಿಸಿದ ಸಂಶೋಧನೆ ಈ ವ್ಯವಸ್ಥೆಗೆ ಜಾಗತಿಕ ಗಮನ ತಂದಿತು. ಎರಡು ಸಾವಿರ ವರ್ಷಕ್ಕೂ ಹಿಂದಿನಿಂದ ಕೃಷಿ ನಡೆದಿರುವ ಈ ಸೀಮೆಯ ಅಡಿಕೆ ತೋಟಗಳು ಇಲ್ಲಿನ ಸಹಜ ಕಾಡಿಗೆ ಸೇರಿದ ಪಕ್ಷಿಜಾತಿಗಳಲ್ಲಿ ಶೇ. 90ರಷ್ಟಕ್ಕೆ ಆಸರೆಯಾಗಿವೆ ಎಂದು ಅದು ಹೇಳಿತು. ಅಡಿಕೆ, ಕಾಳುಮೆಣಸು, ಬಾಳೆ, ಏಲಕ್ಕಿಗಳ ಹಲವು ಸ್ತರಗಳ ತೋಟ ಕಾಡನ್ನೇ ಹೋಲುವುದು ಒಂದು ಕಾರಣ. ಅದಕ್ಕಿಂತ ಮುಖ್ಯವಾದದ್ದು, ದರಕಿಗಾಗಿ ತೋಟ ಕಾಡನ್ನು ಅವಲಂಬಿಸಿರುವುದರಿಂದ ಪಕ್ಕದ ಕಾಡು ಉಳಿದಿದೆ ಎಂಬ ಸಂಗತಿ.

ಆದರೆ ಎಲ್ಲ ಬೆಟ್ಟಗಳ ಸ್ಥಿತಿ ಒಂದೇ ಅಲ್ಲ. ಮಿತವಾಗಿ ಸೊಪ್ಪು ಕಡಿದು, ಸಸಿಗಳನ್ನು ಬೆಳೆಯಬಿಟ್ಟ ಬೆಟ್ಟ ಇಂದಿಗೂ ಕಾಡಾಗಿಯೇ ಇದೆ. ಪ್ರತಿವರ್ಷ ಬೋಳಾಗಿ ಸವರಿದ, ದರಕನ್ನು ಪೂರ್ತಿ ಗುಡಿಸಿದ, ದನ ಮೇಯುವ ಬೆಟ್ಟದಲ್ಲಿ ನಡುವಿನ ಸ್ತರವೇ ಇಲ್ಲ. ಅಲ್ಲಲ್ಲಿ ಮೋಟು ಮರಗಳು, ಕೆಳಗೆ ಹುಲ್ಲು. ಬಯಲಿಗೆ ಒಗ್ಗಿದ ಕಾಜಾಣ, ಪಿಕಳಾರಗಳು ಅಲ್ಲಿ ಕಂಡಾವು. ನೆರಳು ಬಯಸುವ ಸಣ್ಣ ಹರಟೆಮಲ್ಲ, ಕಾಕರಣೆ ಹಕ್ಕಿಗಳಿಗೆ ಅದು ದಾಟಲಾಗದ ಬಯಲು. ಪೊದೆಯ ಗುಂಪು ನಿಂತಲ್ಲೇ ತಂಡವೂ ಒಡೆಯುತ್ತದೆ.

ಉಳಿದಿರುವ ನೆಲೆಗಳು

ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ರಾಮಪತ್ರೆ ಜಡ್ಡಿಗಳಿಗೆ, ಅಪರೂಪದ ಮರಗಳಿಗೆ ಹೆಸರಾದ ಕಾಡು. ಅಘನಾಶಿನಿ ಕಣಿವೆಯ ಕಾಡುಗಳನ್ನು ಸಿಂಗಳೀಕಗಳ ರಕ್ಷಣೆಗಾಗಿ 2011ರಲ್ಲಿ ಸಂರಕ್ಷಿತ ಮೀಸಲು ಎಂದು ಘೋಷಿಸಲಾಯಿತು. 2019ರಲ್ಲಿ ಅವು ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯದ ವ್ಯಾಪ್ತಿಗೆ ಬಂದವು. ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನರು 1983ರ ಸೆಪ್ಟೆಂಬರ್‌ನಲ್ಲಿ ಕಳಸೆ ಕಾಡಿನ ಮರಗಳನ್ನು ಅಪ್ಪಿಕೊಂಡು ಕಡಿತ ತಡೆದದ್ದು ‘ಅಪ್ಪಿಕೋ’ ಚಳವಳಿಯಾಗಿ ನಾಡಿನ ಇತಿಹಾಸ ಸೇರಿದೆ. ದೇವರ ಹೆಸರಿನಲ್ಲಿ ಉಳಿದ ಸಣ್ಣ ಸಣ್ಣ ಕಾನುಗಳು ಊರೂರಿನಲ್ಲಿವೆ.

ಅಭಯಾರಣ್ಯಗಳ ಗಡಿ ಅರಣ್ಯ ಇಲಾಖೆಯ ನಕ್ಷೆಯಲ್ಲಿ ನಿರ್ಧಾರವಾಗುತ್ತದೆ. ಆದರೆ ದಿನವೊಂದರಲ್ಲಿ ಹಲವು ಬಾರಿ ಕಾನಿನಿಂದ ಬೆಟ್ಟಕ್ಕೆ, ಬೆಟ್ಟದಿಂದ ತೋಟದ ಅಂಚಿಗೆ ಸಾಗಬಲ್ಲ ಹಕ್ಕಿಗಳ ತಂಡಕ್ಕೆ ಬೇಕಾದದ್ದು ನಡುವೆ ಕಡಿಯದ ನೆರಳು. ಅದನ್ನು ನಿರ್ಧರಿಸುವುದು ಬಹುಮಟ್ಟಿಗೆ ಬೆಟ್ಟದ ಹಕ್ಕು ಹೊಂದಿದ ಕುಟುಂಬ: ಈ ವರ್ಷ ಎಷ್ಟು ಕೊಂಬೆ ಕಡಿಯಬೇಕು, ಎಷ್ಟು ದರಕು ನೆಲದಲ್ಲಿ ಬಿಡಬೇಕು, ಯಾವ ಪೊದೆಯನ್ನು ಸವರದೆ ಉಳಿಸಬೇಕು ಎಂಬ ಲೆಕ್ಕದಲ್ಲಿ.

ತಂಡ ನೋಡಬಯಸುವವರು ನವೆಂಬರ್‌ನಿಂದ ಫೆಬ್ರುವರಿಯ ನಡುವೆ, ಬಿಸಿಲೇರುವ ಮೊದಲು ಕಾಡಿನ ಅಂಚಿನಲ್ಲಿ ಸದ್ದಿಲ್ಲದೆ ನಿಂತರೆ ಸಾಕು. ಮೊದಲು ಕೇಳುವುದು ಭೀಮರಾಜನ ಕೂಗು. ಅದು ಕೇಳಿದ ಮೇಲೆ ಪೊದೆ, ಕಾಂಡ, ಕೊಂಬೆ, ನೆತ್ತಿ ಹೀಗೆ ಕೆಳಗಿನಿಂದ ಮೇಲಕ್ಕೆ ಕಣ್ಣು ಹಾಯಿಸಿ ಎಷ್ಟು ಜಾತಿಗಳಿವೆ ಎಂದು ಎಣಿಸಬಹುದು. ಹತ್ತಕ್ಕೂ ಹೆಚ್ಚು ಜಾತಿಗಳು ಸಿಕ್ಕರೆ ಆ ಕಾಡಿನ ಸ್ತರಗಳು ಇನ್ನೂ ಕೂಡಿಕೊಂಡಿವೆ ಎಂದು ತಿಳಿಯಬಹುದು.